ಒಂದು ಡಬಲ್ ಡೆಕರ್ ಬಸ್ಸಿಗಾಗಿ ನಾಲ್ಕು ಕಿಲೋ ಪ್ಲಾಸ್ಟಿಕ್

ನನಗೆ ಬೇಕಾಗಿದ್ದದ್ದು ಇಷ್ಟೇ: ಬಿಳಿಯ, ತೆಳ್ಳನೆಯ, ಚಾಕುವಿನಿಂದ ಗೀರಿ ಬಗ್ಗಿಸಿದರೆ ಗೆರೆಯುದ್ದಕ್ಕೂ ಟಕ್ಕೆಂದು ಮುರಿಯುವ ಪ್ಲಾಸ್ಟಿಕ್ ಹಾಳೆ. ಅದು ಕೈಗೆ ಬರಲು ಹನ್ನೊಂದು ವಾರ ಹಿಡಿಯಿತು. ಕಳೆದ ಶನಿವಾರ ನಾನು ಕಟ್ಟುತ್ತಿರುವ ಮಾಡೆಲ್ ಬಸ್ಸಿನ ಎಡಗಡೆಯ ಗೋಡೆ ನಿಂತಿದೆ. ಎಲ್ಲೆಲ್ಲಿ ತಪ್ಪಿದೆ ಎಂಬುದು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ಇದೇ ಹುಚ್ಚು ಹತ್ತಿಸಿಕೊಂಡವರು ನನ್ನಷ್ಟು ಸುತ್ತುವುದು ಬೇಡ.

ಬಸ್ಸು ಎಂದರೆ ಬೆಂಗಳೂರಿನ ಹಿಂದಿನ ನಗರ ಸಾರಿಗೆಯಾದ ಬಿಟಿಎಸ್‌ನ ಕೆಂಪು ಡಬಲ್ ಡೆಕರ್. ಬೆಂಗಳೂರಿನಲ್ಲಿ ಬೆಳೆದವರಿಗೆ ಬಿಟಿಎಸ್ ಎಂದರೆ 'ಬಿಟ್ಟರೆ ತಿರುಗಿ ಸಿಗದು' ಎಂಬ ಹಳೆಯ ತಮಾಷೆ ನೆನಪಿರುತ್ತದೆ. ಅದು ಸುಳ್ಳಲ್ಲ. ಆ ಬಸ್ಸುಗಳು ಹೋದವು, ಮತ್ತೆ ಸಿಗಲಿಲ್ಲ. ಅದರ ಮಾಡೆಲ್ ಕಿಟ್ ಎಲ್ಲಿಯೂ ದೊರೆಯದ ಕಾರಣ ನಾನೇ ಕಟ್ಟಲು ಕುಳಿತೆ. ನಕ್ಷೆಯೂ ಇರಲಿಲ್ಲ. ಅಗಲ ಎರಡೂವರೆ ಮೀಟರ್ ಎಂದು ಹಿಡಿದು, ಹಳೆಯ ಫೋಟೋ ಮೇಲೆ ಸ್ಕೇಲಿಟ್ಟು ಉಳಿದದ್ದನ್ನು ಲೆಕ್ಕ ಹಾಕಿದೆ. 1:50ರ ಪ್ರಮಾಣದಲ್ಲಿ ಉದ್ದ 19 ಸೆಂ.ಮೀ., ಎತ್ತರ 9, ಅಗಲ 5.

ಮೊದಲು ರಟ್ಟಿನಲ್ಲಿ ಮಾಡಿದೆ. ಸೀರೆ ಅಂಗಡಿಯ ಪೆಟ್ಟಿಗೆಯ ರಟ್ಟು ಒಳ್ಳೆಯದೇ. ಆದರೆ ಜುಲೈ ತಿಂಗಳ ಜಿಟಿಜಿಟಿ ಮಳೆಗೆ ನಾಲ್ಕೇ ದಿನದಲ್ಲಿ ಬಸ್ಸಿನ ಗೋಡೆ ಹಸಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಕಿಟಕಿಯ ಮೂಲೆಗಳಲ್ಲಿ ನಾರು ಎದ್ದಿತು. ಬಣ್ಣ ಬಳಿದ ಮೇಲಂತೂ ನೋಡುವ ಹಾಗಿರಲಿಲ್ಲ. ಹಾಗಾಗಿ ಪ್ಲಾಸ್ಟಿಕ್.

ಮಾಡೆಲ್ ಕಟ್ಟುವವರ ಲೋಕದಲ್ಲಿ ಇದಕ್ಕೆ ಸ್ಟೈರೀನ್ ಶೀಟ್, ಅಂದರೆ ಪಾಲಿಸ್ಟೈರೀನ್ ಹಾಳೆ, ಎನ್ನುತ್ತಾರೆ. ಅಮೆರಿಕದ ಎವರ್‌ಗ್ರೀನ್, ಜಪಾನಿನ ತಮಿಯಾ ಕಂಪನಿಗಳ ಹಾಳೆ ಹೆಸರುವಾಸಿ. ಎವರ್‌ಗ್ರೀನ್‌ನ ಮಾಮೂಲಿ ಹಾಳೆ ಸುಮಾರು 15 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ. ದಪ್ಪವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಬರೆಯುತ್ತಾರೆ. .020 ಎಂದರೆ ಅರ್ಧ ಮಿಲಿಮೀಟರ್, .040 ಎಂದರೆ ಒಂದು ಮಿಲಿಮೀಟರ್. ನಾನು ಎರಡೂ ದಪ್ಪದ ಒಂದೊಂದು ಪ್ಯಾಕ್ ಹೊರದೇಶದಿಂದ ತರಿಸಿದೆ. ಪಾರ್ಸೆಲ್ ಹನ್ನೆರಡನೆಯ ದಿನ ಭಾರತಕ್ಕೆ ಬಂದಿತು, ಅಲ್ಲಿಯೇ ಕುಳಿತಿತು. ಕೊರಿಯರ್‌ನವರು ಕೆವೈಸಿ ಕೇಳಿದರು. ಆಧಾರ್ ಕಳುಹಿಸಿದೆ. ಅದರಲ್ಲಿ ಹಳೆಯ ಮನೆಯ ವಿಳಾಸವಿತ್ತು, ಪಾರ್ಸೆಲ್ ಮೇಲೆ ಹೊಸದು. ಬಾಡಿಗೆ ಕರಾರುಪತ್ರ ಕಳುಹಿಸಿದೆ. ಫೈಲು ದೊಡ್ಡದಾಯಿತು ಎಂದು ತಿರಸ್ಕರಿಸಿದರು. ಚಿಕ್ಕದು ಮಾಡಿ ಕಳುಹಿಸಿದರೆ ಅಕ್ಷರ ಕಾಣುತ್ತಿಲ್ಲ ಎಂದರು. ಆಮೇಲೆ ಒಳಗೇನಿದೆ ಎಂಬ ವಿವರಣೆ ಬೇಕಾಯಿತು. 'ಆಟಿಕೆ ಬಸ್ ಮಾಡಲು ಪ್ಲಾಸ್ಟಿಕ್ ಹಾಳೆ' ಎಂದು ಬರೆದೆ. ಆಟಿಕೆ ಎಂಬ ಪದ ಬರೆಯಬಾರದಿತ್ತು ಎಂದು ಈಗ ಅನ್ನಿಸುತ್ತದೆ, ಅದರಿಂದ ಇನ್ನೆರಡು ಪ್ರಶ್ನೆ ಹುಟ್ಟಿದವು. (ತರಿಸುವುದೇ ಆದರೆ ವಿಳಾಸದ ದಾಖಲೆ ಮತ್ತು ಪಾರ್ಸೆಲ್ ಮೇಲಿನ ವಿಳಾಸ ಅಕ್ಷರಕ್ಕಕ್ಷರ ಒಂದೇ ಇರಲಿ.) ಸುಂಕ, ಸಾಗಣೆ, ಕೊರಿಯರ್‌ನವರ ಸೇವಾ ಶುಲ್ಕ ಎಲ್ಲ ಸೇರಿ ನನ್ನ ಕೈಬಿಟ್ಟದ್ದು 2,310 ರೂಪಾಯಿ.

ಬಂದ ಐದು ಹಾಳೆಗಳನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. 165 ಗ್ರಾಂ. ಎಂದರೆ ಕಿಲೋಗೆ ಹದಿನಾಲ್ಕು ಸಾವಿರ ರೂಪಾಯಿ. ಅದೇ ತಕ್ಕಡಿಯ ಪಕ್ಕದಲ್ಲಿ ಏಲಕ್ಕಿ ಡಬ್ಬಿಯಿತ್ತು. ನಮ್ಮ ಮನೆಯಲ್ಲಿ ಏಲಕ್ಕಿಯನ್ನು ಎಣಿಸಿ ಹಾಕುತ್ತಾರೆ. ಅದಕ್ಕಿಂತ ನಾಲ್ಕು ಪಟ್ಟು ಬೆಲೆಯ ವಸ್ತುವನ್ನು ಕತ್ತರಿಸಲು ನನಗೆ ಕೈ ಬರಲಿಲ್ಲ. ಧೈರ್ಯ ಮಾಡಿ ಒಂದು ಗೋಡೆ ಕತ್ತರಿಸಿದೆ. ಮೂರನೆಯ ಕಿಟಕಿಯಲ್ಲಿ ಚಾಕು ಜಾರಿತು. ಆ ರಾತ್ರಿಯೇ, ಇದನ್ನು ಇಲ್ಲಿಯೇ ಹುಡುಕಬೇಕು ಎಂದು ತೀರ್ಮಾನಿಸಿದೆ.

ಮೊದಲು ಮನೆಯ ಹತ್ತಿರದ ಸ್ಟೇಷನರಿ ಅಂಗಡಿ. "ಪ್ಲಾಸ್ಟಿಕ್ ಶೀಟ್ ಕೊಡಿ" ಎಂದರೆ ಫೈಲಿನ ಹೊದಿಕೆಯ ಹಾಳೆ ಕೊಟ್ಟರು. ಅದು ಪಾಲಿಪ್ರೊಪಿಲೀನ್. ಗೀರಿ ಬಗ್ಗಿಸಿದರೆ ಮುರಿಯುವುದಿಲ್ಲ, ಬಿಳಿಚಿಕೊಂಡು ಮಡಚಿಕೊಳ್ಳುತ್ತದೆ. ಯಾವ ಮಾಮೂಲಿ ಅಂಟೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಎರಡನೆಯ ಅಂಗಡಿಯವರು ಸನ್‌ಬೋರ್ಡ್ ಕೊಟ್ಟರು. ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆ ಒಯ್ಯುವುದು, ಫಲಕ ಬರೆಯುವವರು ಬಳಸುವುದು ಅದನ್ನೇ. ಅದು ಪಿವಿಸಿ ನೊರೆಯ ಹಲಗೆ. ಮೇಲ್ಮೈ ನಯವಾಗಿದ್ದರೂ ಕತ್ತರಿಸಿದ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳು ಕಾಣುತ್ತವೆ, ಬ್ರೆಡ್ ಕೊಯ್ದ ಹಾಗೆ. ಅಂಗಡಿಯಲ್ಲಿದ್ದದ್ದರಲ್ಲಿ ತೆಳ್ಳನೆಯದು 3 ಮಿ.ಮೀ. 1:50ರ ಪ್ರಮಾಣದಲ್ಲಿ 3 ಮಿ.ಮೀ. ಎಂದರೆ ಹದಿನೈದು ಸೆಂಟಿಮೀಟರ್ ದಪ್ಪದ ಗೋಡೆ. ಬಸ್ಸಲ್ಲ, ಬಂಕರ್. ಆದರೂ ಅದನ್ನು ಎಸೆಯಬೇಡಿ. ಮಾಡೆಲ್ ಕೂರಿಸುವ ಅಡಿಹಲಗೆಗೆ, ಒಳಗೆ ಕಾಣದ ಆಧಾರಗಳಿಗೆ ಸನ್‌ಬೋರ್ಡ್‌ನಷ್ಟು ಅಗ್ಗದ್ದು ಬೇರೆ ಇಲ್ಲ.

ಮುಂದಿನ ಶನಿವಾರ ಪೇಟೆ. ಎಸ್.ಪಿ. ರಸ್ತೆಯಲ್ಲಿ ಇಳಿದು ಗಲ್ಲಿ ಗಲ್ಲಿ ಸುತ್ತಿದೆ. (ಭಾನುವಾರ ಹೋಗಬೇಡಿ, ಶಟರ್ ನೋಡಿಕೊಂಡು ಬರಬೇಕಾಗುತ್ತದೆ.) ಸ್ಟೈರೀನ್ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಒಬ್ಬರು ಥರ್ಮೋಕೋಲ್ ತೋರಿಸಿದರು. ನಾನು ತಲೆಯಾಡಿಸಿ ಹೊರಟೆ. ಅವರು ಹೇಳಿದ್ದು ತಪ್ಪಲ್ಲ, ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ನೊರೆಯ ಹಾಗೆ ಉಬ್ಬಿಸಿದ್ದು ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಇನ್ನೊಬ್ಬರು ಅಕ್ರಿಲಿಕ್ ಕೊಟ್ಟು, ಜೋಡಿಸಲು ಕ್ಲೋರೋಫಾರ್ಮ್ ಬಾಟಲಿಯನ್ನೂ ಮುಂದಿಟ್ಟರು. ಅಕ್ರಿಲಿಕ್ ಕೆಲಸ ಮಾಡುವವರು ಅದನ್ನು ಸಿರಿಂಜಿನಲ್ಲಿ ಸಂದಿಗೆ ಬಿಡುತ್ತಾರೆ, ಕಣ್ಣಮುಂದೆಯೇ ಬೆಸೆದುಕೊಳ್ಳುತ್ತದೆ. ಬಾಟಲಿಯನ್ನು ಅಲ್ಲಿಯೇ ಬಿಟ್ಟು ಬಂದೆ. ಮಲಗುವ ಕೋಣೆಯ ಮೇಜಿನ ಮೇಲೆ ಇಡುವ ವಸ್ತು ಅದಲ್ಲ. 180 ರೂಪಾಯಿಯ ಅಕ್ರಿಲಿಕ್ ತುಂಡು ಮಾತ್ರ ತಂದೆ. ಗೀರಿ ಮುರಿಯಲು ಹೋದರೆ ಗೆರೆ ಬಿಟ್ಟು ಗಾಜಿನ ಹಾಗೆ ಸೀಳಿತು.

ನಾಲ್ಕನೆಯ ಅಂಗಡಿಯ ಯಜಮಾನರು ವಯಸ್ಸಾದವರು. ನಾನು ಪರ್ಸಿನಲ್ಲಿಟ್ಟುಕೊಂಡಿದ್ದ ಎವರ್‌ಗ್ರೀನ್ ತುಂಡನ್ನು ಕೈಗೆ ತೆಗೆದುಕೊಂಡು, ಬಾಗಿಸಿ, ಉಗುರಿನಿಂದ ಕೆರೆದು, ಮೂಸಿಯೂ ನೋಡಿದರು. "ಇದು ನಮ್ಮಲ್ಲಿ ಬರುವುದಿಲ್ಲ ಮೇಡಂ. ಫ್ರಿಜ್ಜಿನ ಒಳಗಡೆ ಇರುತ್ತದಲ್ಲ, ಅದು ಇದು" ಎಂದರು.

ಇಡೀ ಓಡಾಟದಲ್ಲಿ ಕೇಳಿದ ಉಪಯೋಗದ ಮಾತು ಅದೊಂದೇ. ಮನೆಗೆ ಬಂದವಳು ಫ್ರಿಜ್ಜಿನ ಬಾಗಿಲು ತೆರೆದು ನಿಂತೆ. ಒಳಗೆ ಮೊಸರಿನ ಕಪ್ಪಿತ್ತು. ತಳದಲ್ಲಿ ತ್ರಿಕೋನ, ಅದರೊಳಗೆ 6, ಕೆಳಗೆ 'ಪಿಎಸ್'. ಪಾಲಿಸ್ಟೈರೀನ್! ಎಲ್ಲ ಮೊಸರಿನ ಕಪ್ಪೂ ಹೀಗಿರುವುದಿಲ್ಲ. 5 ಇದ್ದರೆ ಪಾಲಿಪ್ರೊಪಿಲೀನ್, ನಮಗೆ ಉಪಯೋಗವಿಲ್ಲ. ಅಂದಿನಿಂದ ಮನೆಯಲ್ಲಿ ಯಾವ ಡಬ್ಬಿಯೂ ತಳ ತೋರಿಸದೆ ಕಸದ ಬುಟ್ಟಿ ಸೇರಲಿಲ್ಲ. ಬಿಸ್ಕತ್ತಿನ ತಟ್ಟೆ, ಸಿಹಿತಿಂಡಿಯ ಪೆಟ್ಟಿಗೆಯ ಒಳತಟ್ಟೆ, ಹಳೆಯ ಸಿ.ಡಿ. ಡಬ್ಬಿ ಎಲ್ಲವನ್ನೂ ಕತ್ತರಿಸಿ ನೋಡಿದೆ. ಸಿ.ಡಿ. ಡಬ್ಬಿಯೂ ಪಾಲಿಸ್ಟೈರೀನೇ, ಆದರೆ ರಬ್ಬರು ಸೇರಿಸದ ಬಗೆ. ಮುಟ್ಟಿದರೆ ಚೂರು. ನಮಗೆ ಬೇಕಾದದ್ದು ರಬ್ಬರು ಬೆರೆಸಿ ಗಟ್ಟಿ ಮಾಡಿದ್ದು, ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್. ವ್ಯಾಪಾರದವರ ಬಾಯಲ್ಲಿ ಅದು ಹಿಪ್ಸ್. ಬರೀ ಹಿಪ್ಸ್. ಐದು ವಾರ ನಾನು ಕೇಳುತ್ತಿದ್ದ ಹೆಸರೇ ತಪ್ಪಾಗಿತ್ತು.

ತಟ್ಟೆಗಳಲ್ಲಿ ಚಪ್ಪಟೆ ಜಾಗ ಅಂಗೈಯಗಲವೂ ಇರುವುದಿಲ್ಲ. ಆದರೆ ತಟ್ಟೆ ಮಾಡುವವರ ಬಳಿ ತಟ್ಟೆಯಾಗುವ ಮೊದಲಿನ ಹಾಳೆ ಇರಲೇಬೇಕಲ್ಲ? ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲಿಟ್ಟು, ಕೆಳಗಿನಿಂದ ಗಾಳಿ ಎಳೆದು ತಟ್ಟೆ ಮಾಡುವ ಈ ಕೆಲಸಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಎನ್ನುತ್ತಾರೆ. ಪೀಣ್ಯದಲ್ಲಿ ಅಂಥ ಕಾರ್ಖಾನೆಗಳಿವೆ. ಫೋನ್ ಮಾಡಲು ಶುರು ಮಾಡಿದೆ.

"ಯಾವ ಕಂಪನಿ ಮೇಡಂ?"

"ಕಂಪನಿ ಇಲ್ಲ, ಸ್ವಂತಕ್ಕೆ."

"ಜಿಎಸ್‌ಟಿ ನಂಬರ್?"

"ಇಲ್ಲ."

"ಎಷ್ಟು ಟನ್?"

ಇಲ್ಲಿಗೆ ಮಾತು ಮುಗಿಯುತ್ತಿತ್ತು. ಹಾಳೆ ತಯಾರಿಸುವ ಒಂದು ಕಡೆ ಕನಿಷ್ಠ ನೂರು ಕಿಲೋ ಎಂದರು. ಲೆಕ್ಕ ಹಾಕಿದೆ. ಹಿಪ್ಸ್‌ನ ಸಾಂದ್ರತೆ ನೀರಿಗಿಂತ ಚೂರು ಹೆಚ್ಚು, 1.05. ಹತ್ತು ಸೆಂಟಿಮೀಟರ್ ಚೌಕದ, ಒಂದು ಮಿ.ಮೀ. ದಪ್ಪದ ತುಂಡು ಹತ್ತೂವರೆ ಗ್ರಾಂ ತೂಗುತ್ತದೆ. ನೂರು ಕಿಲೋ ತಂದರೆ ನಮ್ಮ ಎರಡು ಕೋಣೆಯ ಮನೆಯ ನೆಲಕ್ಕೆಲ್ಲ ಹೊದಿಸಿದರೂ ಮಿಗುತ್ತಿತ್ತು.

ಫೋನು ಬಿಟ್ಟು ನೇರವಾಗಿ ಹೋದೆ. ಮೆಟ್ರೋದ ಹಸಿರು ಮಾರ್ಗದಲ್ಲಿ ಪೀಣ್ಯ ಇಂಡಸ್ಟ್ರಿ ನಿಲ್ದಾಣ, ಅಲ್ಲಿಂದ ನಡಿಗೆ. ಮೊದಲ ಗೇಟಿನಲ್ಲಿ ಕಾವಲಿನವರು ಪುಸ್ತಕ ತೆರೆದು "ಯಾರನ್ನು ನೋಡಬೇಕು?" ಎಂದರು. ಯಾರನ್ನೆಂದು ಹೇಳಲಿ? ವಾಪಸು. ಎರಡನೆಯ ಕಡೆ ಒಳಗೆ ಬಿಟ್ಟರು, ಮುಕ್ಕಾಲು ಗಂಟೆ ಕೂರಿಸಿ, ಲೆಟರ್‌ಹೆಡ್‌ನಲ್ಲಿ ಕೋರಿಕೆ ಪತ್ರ ತನ್ನಿ ಎಂದರು. ಅದರ ಮುಂದಿನ ವಾರ ಗೌರಿ ಗಣೇಶ, ಕೆಲಸದವರು ಊರಿಗೆ ಹೋಗಿದ್ದರು. ಇನ್ನೂ ಒಂದು ವಾರ ಹೋಯಿತು.

ಆ ರಜೆಯಲ್ಲಿ ಒಂದು ಉಪಯೋಗದ ಕೆಲಸ ಮಾಡಿದೆ. ಮಂಟಪ ಕಟ್ಟಿ ಉಳಿದ ಥರ್ಮೋಕೋಲ್ ಚೂರುಗಳ ಮೇಲೆ, ಪೇಂಟ್ ಅಂಗಡಿಯಲ್ಲಿ 110 ರೂಪಾಯಿಗೆ ತಂದ ಎನ್‌ಸಿ ಥಿನ್ನರ್‌ನ ಒಂದು ಹನಿ ಬಿಟ್ಟೆ. ಬಿದ್ದಲ್ಲಿ ಬಿಲ ಕೊರೆದುಕೊಂಡು ಹೋಯಿತು. ಥರ್ಮೋಕೋಲನ್ನು ಕರಗಿಸುವುದು ಹಿಪ್ಸನ್ನೂ ಕರಗಿಸುತ್ತದೆ, ಕರಗಿಸಿದರೆ ಬೆಸೆಯಬಹುದು. ಹಾಳೆ ಸಿಗುವ ಮೊದಲೇ ಅಂಟು ಸಿದ್ಧವಾಯಿತು.

ಹಬ್ಬದ ನಂತರ ಮೂರನೆಯ ಕಾರ್ಖಾನೆ. ಈ ಬಾರಿ ಗೇಟಿನಲ್ಲಿ "ಸ್ಟೋರ್ ಸೂಪರ್‌ವೈಸರ್ ಅವರನ್ನು" ಎಂದೆ. ಅಂಥ ಒಬ್ಬರು ಎಲ್ಲ ಕಡೆಯೂ ಇರುತ್ತಾರೆ. ಬಂದವರು ಧಾರವಾಡದ ಕಡೆಯವರು. ರಟ್ಟಿನ ಬಸ್ಸಿನ ಫೋಟೋ ತೋರಿಸಿದೆ, ಎವರ್‌ಗ್ರೀನ್ ತುಂಡು ಕೊಟ್ಟೆ. ಅದರ ಬೆಲೆ ಕೇಳಿದರು, ಹೇಳಿದೆ. ಅವರು ನಗಲಿಲ್ಲ. ಸುಮ್ಮನೆ ಶೆಡ್ಡಿನ ಹಿಂಭಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆಗೆ ಒರಗಿಸಿದ ಸುರುಳಿಗಳ ತುದಿಗಳು, ಅಳತೆ ತಪ್ಪಿ ಕತ್ತರಿಸಿದವು, ಯಂತ್ರ ಶುರುವಾಗುವಾಗ ಹಾಳಾದವು, ಎಲ್ಲ ರಾಶಿ ಬಿದ್ದಿತ್ತು.

"ಅಕ್ಕಾರೆ, ನೀವು ಹದಿನಾಲ್ಕು ಸಾವಿರ ಕೊಟ್ಟಿರುವುದು ನಮ್ಮ ಕಸಕ್ಕೆ" ಎಂದರು.

ಪುಡಿ ಮಾಡಿ ಮತ್ತೆ ಹಾಳೆ ಮಾಡುವವರಿಗೆ ಇದನ್ನು ಮಾರುತ್ತಾರಂತೆ. ನನಗೆ ಕಿಲೋಗೆ 160 ರೂಪಾಯಿ ಹೇಳಿದರು. ಕೊಸರಾಡಲಿಲ್ಲ. ಒಂದು ಮಿ.ಮೀ.ನ ಐದು, ಅರ್ಧ ಮಿ.ಮೀ.ನ ಹನ್ನೊಂದು ತುಂಡು ಆರಿಸಿಕೊಂಡೆ. ಎರಡಡಿ ಚೌಕಕ್ಕೆ ಅವರೇ ಕತ್ತರಿಸಿಕೊಟ್ಟರು. ಒಟ್ಟು 4.1 ಕಿಲೋ, 650 ರೂಪಾಯಿ. ಮಾಲು ಹೊರಗೆ ಹೋಗಲು ಗೇಟ್ ಪಾಸ್ ಬೇಕು. ಕಸವಾದರೂ ಬೇಕು. ಪಾಸಿಗೆ ಸಹಿ ಹಾಕುವವರು ಊಟಕ್ಕೆ ಹೋಗಿದ್ದರು. ಐವತ್ತು ನಿಮಿಷ ಬೇವಿನ ಮರದ ಕೆಳಗೆ ನಾಲ್ಕು ಕಿಲೋ ಕಸ ಹಿಡಿದು ಕುಳಿತೆ. ಎರಡಡಿ ಚೌಕದ ಒಂದು ಮಿ.ಮೀ. ಹಾಳೆಯೊಂದರಲ್ಲಿ ಎಂಟು ಎವರ್‌ಗ್ರೀನ್ ಹಾಳೆ ಕತ್ತರಿಸಬಹುದು, ಅದಕ್ಕೆ ನಾನು ಕೊಟ್ಟದ್ದು ಅರವತ್ತೆರಡು ರೂಪಾಯಿಯ ಆಸುಪಾಸು ಎಂದು ಲೆಕ್ಕ ಹಾಕುತ್ತಾ ಸಮಯ ಹೋದದ್ದು ತಿಳಿಯಲಿಲ್ಲ.

ಆದರೆ ಅದು ಕಸವೇ ಎಂಬುದನ್ನೂ ಮರೆಯಬಾರದು. ಮನೆಗೆ ಬಂದು ಮೊದಲು ಎಲ್ಲದರ ಮೂಲೆಯಿಂದ ಒಂದೊಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿದೆ. ಒಂದು ತೇಲಿತು. ಪಾಲಿಪ್ರೊಪಿಲೀನ್, ನೋಡಲು ಅವಳಿಜವಳಿ. ಹಿಪ್ಸ್ ಸಾದಾ ನೀರಿನಲ್ಲಿ ಮುಳುಗುತ್ತದೆ, ಇನ್ನು ಕರಗದು ಎನ್ನುವಷ್ಟು ಉಪ್ಪು ಕರಗಿಸಿದರೆ ಮೇಲೇಳುತ್ತದೆ. ಗಟ್ಟಿ ಪಿವಿಸಿ ಉಪ್ಪುನೀರಿನಲ್ಲಿಯೂ ಮೇಲೇಳುವುದಿಲ್ಲ. ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಮಾತ್ರ ಹಿಪ್ಸ್‌ನ ಹಾಗೆಯೇ ವರ್ತಿಸುವುದರಿಂದ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಸಿಕ್ಕಿದರೂ ಚಿಂತೆಯಿಲ್ಲ, ಅದೂ ಕೆಲಸಕ್ಕೆ ಬರುತ್ತದೆ, ಸ್ವಲ್ಪ ಗಟ್ಟಿ ಅಷ್ಟೇ. ಸುಟ್ಟು ಮೂಸಿ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಪಿವಿಸಿ ಸುಟ್ಟರೆ ಬರುವ ಹೊಗೆ ಗಂಟಲು ಕೊರೆಯುವಂಥದ್ದು, ಬೇಡ.

ಇನ್ನುಳಿದ ತೊಂದರೆಗಳು ಸಣ್ಣವು. ಕಪ್ಪು ಚುಕ್ಕೆಗಳಿದ್ದವು, ಬಣ್ಣದ ಕೆಳಗೆ ಹೋಗುತ್ತವೆ. ಜಿಡ್ಡಿತ್ತು, ಪಾತ್ರೆ ತೊಳೆಯುವ ಸಾಬೂನಿಗೆ ಹೋಯಿತು. ಹೊಳೆಯುವ ಬದಿಯನ್ನು 600 ನಂಬರಿನ ಮರಳು ಕಾಗದದಿಂದ ಲಘುವಾಗಿ ಉಜ್ಜಬೇಕು, ಇಲ್ಲದಿದ್ದರೆ ಬಣ್ಣ ಉಗುರಿಗೇ ಎದ್ದು ಬರುತ್ತದೆ. ದಪ್ಪ ಎಲ್ಲೆಡೆ ಒಂದೇ ಇರಲಿಲ್ಲ. ಅರ್ಧ ಮಿ.ಮೀ. ಎಂದದ್ದು 0.46ರಿಂದ 0.53ರವರೆಗೂ ಇತ್ತು. ದಪ್ಪ ಅಳೆಯುವ ವರ್ನಿಯರ್ ಇಲ್ಲದವರು ಹಳೆಯ ಎಟಿಎಂ ಕಾರ್ಡಿಗೆ ಹೋಲಿಸಿ ನೋಡಬಹುದು, ಅದು 0.76 ಮಿ.ಮೀ. ಇರುತ್ತದೆ.

ದೊಡ್ಡ ತಲೆನೋವೆಂದರೆ ಸುರುಳಿಯ ಬಾಗು. ತಿಂಗಳುಗಟ್ಟಲೆ ಸುತ್ತಿಟ್ಟ ಹಾಳೆ ಮೇಜಿನ ಮೇಲೆ ಮಲಗುವುದೇ ಇಲ್ಲ. ಬೀರುವಿನ ಕೆಳಗೆ ಹತ್ತು ದಿನ ಇಟ್ಟೆ, ಮುಕ್ಕಾಲುಪಾಲು ನೆಟ್ಟಗಾಯಿತು. ಉಳಿದ ಬಾಗಿಗೆ ಉಪಾಯವೆಂದರೆ ಎರಡು ತೆಳು ಹಾಳೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬೆಸೆಯುವುದು. ಒಂದರ ಬಾಗು ಇನ್ನೊಂದರದನ್ನು ಎಳೆದುಕೊಳ್ಳುತ್ತದೆ. ಬಸ್ಸಿನ ಚಾವಣಿಗೆ ಮಾತ್ರ ಆ ಬಾಗನ್ನೇ ಉಳಿಸಿಕೊಂಡೆ. ಚಾವಣಿಗೂ ಅಂಥದ್ದೇ ಇಳಿಜಾರು ಬೇಕಿತ್ತು, ಪುಕ್ಕಟೆ ಸಿಕ್ಕಿತು.

ಕಿಟಕಿಗಳನ್ನು ಈ ಬಾರಿ ಕೊರೆಯಲಿಲ್ಲ. ಹೊರಗೋಡೆಯನ್ನೇ ಪಟ್ಟಿಗಳಿಂದ ಕಟ್ಟಿದೆ. ಕೆಳಗೊಂದು ಅಗಲ ಪಟ್ಟಿ, ನಡುವೆ ಒಂದು, ಮೇಲೊಂದು, ಅವುಗಳ ನಡುವೆ ಎರಡು ಮಿ.ಮೀ. ಅಗಲದ ಕಂಬಗಳು. ಕಂಬಗಳ ನಡುವೆ ಉಳಿದ ಜಾಗವೇ ಕಿಟಕಿ. ಚಾಕು ಜಾರಿದರೆ ಹೋಗುವುದು ಒಂದು ಪಟ್ಟಿ, ಇಡೀ ಗೋಡೆಯಲ್ಲ.

ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಮೂರು ಸಲ ಹಗುರವಾಗಿ ಗೀರಬೇಕು. ಒಂದೇ ಸಲ ಜೋರಾಗಿ ಎಳೆದರೆ ಬ್ಲೇಡು ಅಡ್ಡದಾರಿ ಹಿಡಿಯುತ್ತದೆ. ಮೂರನೆಯ ಗೀರಿನಲ್ಲಿ ಬ್ಲೇಡಿನ ಎರಡೂ ಬದಿಗೆ ಸಣ್ಣ ಏರಿ ಏಳುತ್ತದೆ, ನೇಗಿಲ ಸಾಲಿನ ಹಾಗೆ. ಗೆರೆಯನ್ನು ಮೇಜಿನ ಅಂಚಿಗೆ ತಂದು ಹೆಬ್ಬೆರಳಿನಿಂದ ಕೆಳಗೆ ಒತ್ತಿದರೆ ಟಕ್. ಆ ಸದ್ದು ಎವರ್‌ಗ್ರೀನ್‌ನದ್ದಕ್ಕೂ ಪೀಣ್ಯದ್ದಕ್ಕೂ ಒಂದೇ. ಆಮೇಲೆ ಸೊನ್ನೆ ನಂಬರಿನ ಕುಂಚದಲ್ಲಿ ಥಿನ್ನರ್ ಅದ್ದಿ ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಓಡುತ್ತದೆ. ಹತ್ತು ಎಣಿಸುವಷ್ಟರಲ್ಲಿ ಹಿಡಿಯುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ರಾತ್ರಿ. ಥಿನ್ನರ್‌ನಲ್ಲಿ ಏನೇನು ಎಷ್ಟೆಷ್ಟು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಮೊದಲು ಚೂರಿನ ಮೇಲೆ ನೋಡಿ. ಮೊದಲ ರಾತ್ರಿ ಮಳೆಯೆಂದು ಕಿಟಕಿ ಮುಚ್ಚಿ ಕೆಲಸ ಮಾಡಿದೆ, ಬೆಳಗಿನವರೆಗೂ ತಲೆ ಸಿಡಿಯಿತು. ಈಗ ಬಾಲ್ಕನಿಯಲ್ಲಿ ಕುಳಿತು ಅಂಟಿಸುತ್ತೇನೆ. ದೇವರ ದೀಪ, ಒಲೆ ಎರಡರಿಂದಲೂ ದೂರ.

ಲೆಕ್ಕ: ಹೊರದೇಶದ ಹಾಳೆ 2,310, ಸನ್‌ಬೋರ್ಡ್ 140, ಅಕ್ರಿಲಿಕ್ 180, ಓಡಾಟ 460, ಹಿಪ್ಸ್ 650, ಥಿನ್ನರ್ 110, ಬ್ಲೇಡು ಮತ್ತು ಸ್ಕೇಲು 240. ಒಟ್ಟು 4,090. ಕೊನೆಯ ನಾಲ್ಕೈದು ದಿನದ ಬುದ್ಧಿ ಮೊದಲೇ ಇದ್ದಿದ್ದರೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಸ್ಟೋರಿನಲ್ಲಿ ಹಿಪ್ಸ್ ಎಂದು ಕೇಳಿ, ಕಿಲೋ ಲೆಕ್ಕದಲ್ಲಿ ಕೇಳಿ, ಕೈಯಲ್ಲೊಂದು ಮಾದರಿ ತುಂಡು ಇರಲಿ, ಏನು ಕಟ್ಟುತ್ತಿದ್ದೀರಿ ಎಂಬ ಫೋಟೋ ಇರಲಿ. ಲೆಟರ್‌ಹೆಡ್ ಮಾಡದ ಕೆಲಸವನ್ನು ನನಗೆ ಆ ಫೋಟೋ ಮಾಡಿಕೊಟ್ಟಿತು.

ಬಸ್ಸಿಗೆ ಒಂದೂಕಾಲು ಹಾಳೆ ಖರ್ಚಾಗಿದೆ. ಉಳಿದದ್ದು ಬೀರುವಿನ ಕೆಳಗಿದೆ. "ಅದರಲ್ಲಿ ಇನ್ನೆಷ್ಟು ಬಸ್ಸಾಗುತ್ತದೆ?" ಎಂದು ನನ್ನವರು ಕೇಳಿದರು. ಹನ್ನೊಂದು ಎಂದೆ. ಒಂದು ರೂಟಿಗೆ ಸಾಕು ಎಂದರು. ಎಡಗಡೆಯ ಗೋಡೆಯ ಫೋಟೋವನ್ನು ಪೀಣ್ಯದ ಸೂಪರ್‌ವೈಸರ್ ಅವರಿಗೆ ಕಳುಹಿಸಿದ್ದೆ. ನಿನ್ನೆ ಸಂಜೆ ಉತ್ತರ ಬಂದಿದೆ: ಮುಂದಿನ ತಿಂಗಳು 0.3 ಮಿ.ಮೀ.ನ ಬಿಳಿ ಸುರುಳಿಯ ತುದಿ ಬೀಳಲಿದೆ, ಎತ್ತಿಡಲೇ?